ಜೇವರ್ಗಿಗೆ ಒಯ್ದ ಬುತ್ತಿ

ಪೊಟ್ಟಣದ ಮೂಲೆ ಕತ್ತರಿಸಿದರೆ ಮೊದಲು ಬರುವುದು ಇಂಗಿನ ವಾಸನೆ. ಅದರ ಹಿಂದೆ ಹುರಿದ ಕಡಲೆ ಹಿಟ್ಟಿನದು, ಎಲ್ಲಕ್ಕಿಂತ ಕೊನೆಗೆ ಒಣಗಿದ ಕರಿಬೇವಿನದು. ನಾನೂ ನಿಮ್ಮ ಹಾಗೆಯೇ ಸಂಜೆ ಕಚೇರಿಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ ಇವತ್ತು ಊಟಕ್ಕೇನು ಅಂತ ಯೋಚಿಸುವವಳು. ಕಲಬುರಗಿಯ ನನ್ನ ಅಡುಗೆಮನೆಯ ಕಪಾಟಿನಲ್ಲಿ ಇಂಥ ಪೊಟ್ಟಣ ನಾಲ್ಕಾರು ಯಾವಾಗಲೂ ಇರುತ್ತವೆ. ಕುದಿಯುವ ನೀರಿಗೆ ಸುರಿದು ನಾಲ್ಕು ನಿಮಿಷ ತಿರುವಿದರೆ ಝುಣಕ ತಯಾರು. ಉಪ್ಪು ಹಾಕುವ ಕೆಲಸವೂ ಇಲ್ಲ. ಆದರೂ ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ತಿರುವುತ್ತಿದ್ದ ಸೌಟು ನಿಲ್ಲುತ್ತದೆ. ಈಗ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಾರೆ, ನಾಲ್ಕು ಜನರ ನಡುವೆ ನಿಲ್ಲಿಸಿ ಏನೋ ಕೇಳುತ್ತಾರೆ ಎಂಬ ದಿಗಿಲು. ಹದಿಮೂರು ವರ್ಷದವಳಿದ್ದಾಗ ಹಿಡಿದ ದಿಗಿಲು ಅದು, ಇನ್ನೂ ಬಿಟ್ಟಿಲ್ಲ.

ಆಗ ನಮ್ಮ ಮನೆ ಆಳಂದದಲ್ಲಿತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಉದ್ದನೆಯ ಪಡಸಾಲೆ, ಅದರ ತುದಿಗೆ ಅಡುಗೆಮನೆ. ಅಲ್ಲಿ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಒಲೆಯ ಹೊಗೆ ಆ ಬೆಳಕಿನ ಕೋಲನ್ನು ಹಿಡಿದು ಮೇಲೇರುತ್ತಿದ್ದುದನ್ನು ನೋಡುತ್ತ ನಾನು ಎಷ್ಟೋ ಮುಂಜಾನೆ ಅಲ್ಲೇ ಕೂತಿರುತ್ತಿದ್ದೆ. ಕೆಳಗೆ, ಆ ಬೆಳಕಿನ ಬುಡದಲ್ಲಿ, ಆಯಿ. ನನ್ನ ಅಪ್ಪನ ಅವ್ವ. ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದು, ಕೈ ಸುಡುವುದರೊಳಗೆ ನಾದಿ, ಪರಾತದಲ್ಲಿ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳಕ್ಕೆ ಓಣಿಯ ಅರ್ಧ ಮನೆಗಳು ಏಳುತ್ತಿದ್ದವು. ಆಕೆಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಯಾವ ದಿನಕ್ಕೆ ಯಾವ ಅಡುಗೆ, ಯಾವ ಮನೆಗೆ ಎಂಥ ಬುತ್ತಿ ಎಂಬುದು ಆಕೆಗೆ ಬಾಯಿಪಾಠವಿತ್ತು. ನನಗೆ ಮಾತು ಕಲಿಸಿದವಳೂ ಆಕೆಯೇ. ಈಗಲೂ ಬರೆಯಲು ಕೂತರೆ ಮೊದಲು ಆಕೆಯ ಬಾಯಿಂದ ಹೇಳಿಸಿ ನೋಡುತ್ತೇನೆ.

ಬುತ್ತಿಗಳಲ್ಲೆಲ್ಲ ಆಯಿ ಮೈಯೆಲ್ಲ ಕಣ್ಣಾಗಿ ಮಾಡುತ್ತಿದ್ದುದು ಸಾವಿನ ಮನೆಯ ಬುತ್ತಿ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬಂಧುಗಳು, ಓಣಿಯವರು ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆ. ಅಂಥ ಸುದ್ದಿ ಬಂದ ಮುಂಜಾನೆ ಆಯಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಯಾರೊಡನೆಯೂ ಮಾತಾಡದೆ ಬೀಸುಕಲ್ಲಿನ ಮುಂದೆ ಕೂತು ಅವತ್ತಿಗೆ ಬೇಕಾದಷ್ಟೇ ಕಡಲೆಬೇಳೆ ಬೀಸಿಕೊಳ್ಳುತ್ತಿದ್ದಳು. ಆ ಹಿಟ್ಟನ್ನು ಉಪ್ಪು ಹಾಕಿದ ನೀರಿನಲ್ಲಿ ಕುದಿಸಿದ ಸಪ್ಪೆ ಝುಣಕ, ಒಂದಿಪ್ಪತ್ತು ರೊಟ್ಟಿ, ಅಷ್ಟೇ. ಅರಿಸಿನವಿಲ್ಲ, ಒಗ್ಗರಣೆಯಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದೆ. “ಸಾಸಿವಿ ಚಟಪಟ ಅಂದ್ರ ಮನ್ಯಾಗ ಮಂದಿ ನಗಾಕತ್ತಾರ ಅಂತ ಅರ್ಥ ಬೇ. ಸತ್ತ ಮನಿಗಿ ಆ ಸಪ್ಪಳ ಕಟಗೊಂಡು ಹೋಗಬಾರ್ದು” ಎಂದಿದ್ದಳು. ಬುತ್ತಿಯನ್ನು ಆ ಮನೆಯವರು ಉಣ್ಣದೆ ಹಿಂದಕ್ಕೆ ಕಳಿಸಿದರೆ ಎರಡು ಮನೆಯ ನಡುವಿನ ಹಾದಿಗೆ ಮುಳ್ಳು ಹಚ್ಚಿದಂತೆ ಎಂದೂ ಹೇಳಿದ್ದಳು. ನಾನು ಹೂಂ ಅಂದೆ. ಹೂಂ ಅನ್ನುವಾಗ ಮಕ್ಕಳು ಏನನ್ನೂ ಕೇಳಿಸಿಕೊಂಡಿರುವುದಿಲ್ಲ, ನಿಮಗೂ ಗೊತ್ತು.

ನನಗೆ ಒಂಬತ್ತು ತುಂಬಿದ ವರ್ಷ ಆಯಿ ಹೋದಳು. ಅವ್ವ ಅಷ್ಟರಲ್ಲಿ ಶಾಲೆಯ ಮಾಸ್ತರಿಣಿಯಾಗಿದ್ದಳು, ಓಣಿಯವರಿಗೆ ‘ಬಾಯಾರು’. ಭೂಸನೂರಿನ ಆಚೆಗಿನ ಹಳ್ಳಿಯ ಶಾಲೆ. ಎಂಟರ ಬಸ್ಸು ತಪ್ಪಿದರೆ ಮುಂದಿನದು ಹತ್ತಕ್ಕೆ. ಕಬ್ಬಿನ ಹಂಗಾಮಿನಲ್ಲಿ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಅದೂ ಇಲ್ಲ. ಅಪ್ಪ ಕಬ್ಬು ಹೇರಿಕೊಂಡು ಆ ಟ್ರ್ಯಾಕ್ಟರುಗಳ ಸಾಲಿನಲ್ಲೇ ಎರಡೆರಡು ದಿನ ಕಳೆಯುತ್ತಿದ್ದ. ಇಂಥ ಮನೆಯಲ್ಲಿ ಎಸರಿಟ್ಟು ರೊಟ್ಟಿ ಬಡಿಯುವವರು ಯಾರು. ಅಫಜಲಪುರದ ಕಡೆಯಿಂದ ಬಂದು ನಮ್ಮ ಹಿಂದಿನ ಓಣಿಯಲ್ಲಿ ರೊಟ್ಟಿ ಮಾರಲು ಶುರುಮಾಡಿದ್ದ ಕಸ್ತೂರಕ್ಕನ ಮನೆಯಿಂದ ದಿನಾ ಸಂಜೆ ಹನ್ನೆರಡು ರೊಟ್ಟಿ ಬರತೊಡಗಿದವು. ಆಮೇಲೆ ಖಾರಪುಡಿ ಪೊಟ್ಟಣದಲ್ಲಿ ಬಂತು, ಸಾರಿನ ಪುಡಿ ಬಂತು, ಶ್ಯಾವಿಗೆ ಬಂತು. ಕಡೆಗೆ, ನೀರಿಗೆ ಹಾಕಿದರೆ ಸಾಕು ಎನ್ನುವ ಝುಣಕದ ಹಿಟ್ಟು ಬಂತು. ಅವ್ವ ಅದನ್ನು ತಂದ ಮೊದಲ ದಿನ ಅಪ್ಪ ಎರಡು ಸಲ ಹಾಕಿಸಿಕೊಂಡು ಉಂಡ. “ನಮ್ಮವ್ವ ಇದ್ದಿದ್ರ ಈ ಪಾಕೀಟು ನೋಡಿ ಬೈತಿದ್ಲು, ಉಂಡ ಮ್ಯಾಲ ಸುಮ್ನಾಗ್ತಿದ್ಲು” ಅಂದ. ಅವ್ವ ನಕ್ಕಳು. ಮುಂಜಾನೆಯ ಹೊತ್ತು ಅವಳು ನಗುತ್ತಿದ್ದುದೇ ಆ ಪೊಟ್ಟಣಗಳು ಬಂದ ಮೇಲೆ, ಅದನ್ನು ನಾನು ಹೇಳದಿದ್ದರೆ ತಪ್ಪಾಗುತ್ತದೆ. ಅದಕ್ಕೂ ಮುಂಚೆ ಅವಳು ಒಂದು ಕೈಯಲ್ಲಿ ಹಿಟ್ಟು, ಒಂದು ಕೈಯಲ್ಲಿ ಗಡಿಯಾರ ಹಿಡಿದವಳ ಹಾಗೆ ಓಡಾಡಿ, ಬಸ್ಸಿನಲ್ಲಿ ಕೂತು ಅಳುತ್ತಿದ್ದಳಂತೆ. ಆಯಿ ಕಡಲೆ ಹಿಟ್ಟು ಇಡುತ್ತಿದ್ದ ಸ್ಟೀಲಿನ ಡಬ್ಬಿ ಬರಿದಾಗಿತ್ತು. ಬರಿ ಡಬ್ಬಿ ಮನೆಯಲ್ಲಿ ಇರಬಾರದೆಂದು ಅವ್ವ ಪೊಟ್ಟಣ ಒಡೆದು ಆ ಹಿಟ್ಟನ್ನು ಅದರಲ್ಲೇ ಸುರಿದಿಡುತ್ತಿದ್ದಳು.

ಆಯಿ ಹೋದ ನಾಲ್ಕನೆಯ ವರ್ಷ, ಕಬ್ಬು ಕಡಿಯುವ ದಿನಗಳಲ್ಲೇ, ಜೇವರ್ಗಿಯ ಮಾವ ತೀರಿಕೊಂಡರು. ಮಾವ ಅಂದರೆ ಅಪ್ಪನ ತಂಗಿ ಶಾಂತತ್ತೆಯ ಗಂಡ. ಜೋಳಕ್ಕೆ ನೀರು ಬಿಡಲು ಹೋದವರು ಹೊಲದ ಬದುವಿನ ಮೇಲೆ ಕೂತಲ್ಲೇ ಹೋಗಿದ್ದರು. ಮಣ್ಣಿಗೆ ನಾವು ಮೂವರೂ ಹೋದೆವು. ಅಪ್ಪ ಅಲ್ಲೇ ಉಳಿದ. ಅವ್ವ ಮತ್ತು ನಾನು ಆಳಂದಕ್ಕೆ ಹಿಂದಿರುಗಿದೆವು, ಯಾಕೆಂದರೆ ಮೂರನೆಯ ದಿನ ತವರಿನ ಬುತ್ತಿ ಬರಬೇಕಿತ್ತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಬಾಯಿ ಬಿಡಿಸುವುದು ತವರಿನ ಅನ್ನ. ಅಲ್ಲಿಯವರೆಗೆ ಆಕೆ ಒಂದು ಗುಟುಕು ಚಹಾ, ಯಾರಾದರೂ ಒತ್ತಾಯ ಮಾಡಿದರೆ ಒಂದು ತುತ್ತು, ಅಷ್ಟರಲ್ಲೇ ಇರುತ್ತಾಳೆ. ನಾವು ಹೊರಡುವಾಗ ಅತ್ತೆ ಅವ್ವನ ಸೆರಗು ಹಿಡಿದು ಒಂದೇ ಮಾತು ಹೇಳಿದ್ದಳು. “ವೈನಿ, ಅವ್ವನ ಕೈದು ಇಲ್ಲ ಅಂದ್ರೂ ಅವ್ವನ ಮನೀದು ತಗೊಂಡ ಬರ್ರಿ. ನನಗ ಬ್ಯಾರೆ ಯಾರದೂ ಗಂಟಲದಾಗ ಇಳೀವಲ್ದು.”

ಆ ಮಾತು ಅವ್ವನನ್ನು ದಾರಿಯುದ್ದಕ್ಕೂ ತಿಂದಿರಬೇಕು. ಸುದ್ದಿ ತಿಳಿದ ಕಸ್ತೂರಕ್ಕ ತಾನೇ ಬಾಗಿಲಿಗೆ ಬಂದು, “ಬಾಯಾರ, ಬೆಳಿಗ್ಗಿ ಇಪ್ಪತ್ತು ರೊಟ್ಟಿ ಬಡದು ಕೊಡ್ತೇನ್ರಿ, ನೀವು ಹೈರಾಣ ಆಗಬ್ಯಾಡ್ರಿ” ಅಂದಳು. ಅವ್ವ ಬೇಡವೆಂದಳು. ಸಾವಿನ ಮನೆಗೆ, ಅದೂ ತವರ ಹೆಸರಿನಲ್ಲಿ, ಕೊಂಡ ರೊಟ್ಟಿ ಒಯ್ಯುವುದು ಆಗದು. ಮರುದಿನ ಬೆಳಕು ಹರಿಯುತ್ತಲೇ ಗ್ಯಾಸಿನ ಮೇಲೆ ಹಂಚಿಟ್ಟು ತಾನೇ ಕೂತಳು. ನಾಲ್ಕು ವರ್ಷ ರೊಟ್ಟಿ ಬಡಿಯದ ಕೈ. ಹಿಟ್ಟೂ ಎಂದಿನದೋ, ಜಿಗಿ ಹೋಗಿತ್ತು. ಬಡಿದ ಹಾಗೆಲ್ಲ ಅಂಚು ಹರಿಯುತ್ತಿತ್ತು. ಹರಿದ ಕಡೆ ನೀರು ಹಚ್ಚಿ ಕೂಡಿಸುವಳು, ಎತ್ತುವಾಗ ಮತ್ತೆ ಹರಿಯುವುದು. ಎರಡು ಸುಟ್ಟವು, ಒಂದು ಮುದ್ದೆಯಾಯಿತು. ಬೆಳಕಿಂಡಿಯ ಬೆಳಕು ನೆಲಕ್ಕೆ ಇಳಿಯುತ್ತಿತ್ತು, ಅವ್ವ ಬಾಗಿಲ ಮೇಲಿನ ಗಡಿಯಾರವನ್ನೂ ಹಂಚನ್ನೂ ನೋಡುತ್ತಿದ್ದಳು. ಕಡೆಗೆ ನನ್ನ ಕಡೆ ತಿರುಗದೆಯೇ ಹೇಳಿದಳು. “ಝುಣಕ ನೀನ ಮಾಡು. ಒಗ್ಗರಣಿ ಹಾಕಬ್ಯಾಡ. ಅರಿಶಿಣ ಮುಟ್ಟಬ್ಯಾಡ. ನೆನಪಿರಲಿ.”

ನನಗೆ ನೆನಪಿತ್ತು. ಒಗ್ಗರಣೆಯ ಬಟ್ಟಲನ್ನು ಕೆಳಗಿಳಿಸಲೂ ಇಲ್ಲ, ಅರಿಸಿನದ ಡಬ್ಬಿಯ ಕಡೆ ನೋಡಲೂ ಇಲ್ಲ. ಆಯಿಯ ಸ್ಟೀಲಿನ ಡಬ್ಬಿ ತೆಗೆದು, ನೀರು ಕುದಿಸಿ, ಹಿಟ್ಟು ಸುರಿದು, ಗಂಟಾಗದ ಹಾಗೆ ತಿರುವಿದೆ. ಹಳದಿ ಬಣ್ಣ ಬಂತು. ಝುಣಕ ಹಳದಿಯಾಗಿಯೇ ಇರುತ್ತದಲ್ಲ. ಘಮ್ಮೆಂದು ವಾಸನೆ ಬಂತು. ಝುಣಕದ ವಾಸನೆಯೇ ಅದಲ್ಲವೇ. ನನ್ನ ಮೂಗಿಗೆ ಬೇರೆ ಝುಣಕ ಮರೆತೇ ಹೋಗಿತ್ತು. ಅವ್ವನ ಮೂಗಾದರೂ ಎಚ್ಚರಿಸಬಹುದಿತ್ತು, ಆದರೆ ಆ ವಾಸನೆ ಎಷ್ಟೋ ದಿನದಿಂದ ನಮ್ಮ ಗೋಡೆಗಳಲ್ಲೇ ಸೇರಿಹೋಗಿತ್ತು, ಮೇಲೆ ಸುಟ್ಟ ರೊಟ್ಟಿಯ ಹೊಗೆ ಬೇರೆ. ಹದಿನಾಲ್ಕು ರೊಟ್ಟಿಯನ್ನು ಬಿಳಿಯ ಅರಿವೆಯಲ್ಲಿ ಸುತ್ತಿ, ಝುಣಕದ ಡಬ್ಬಿಯ ಬಾಯಿ ಬಿಗಿದು, ನಾವು ಬಸ್ಸು ಹಿಡಿದೆವು. ನನಗೆ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳೇಕೆ. ಅತ್ತೆಯ ಬಾಯಿ ಬಿಡಿಸುವ ತುತ್ತು ನನ್ನ ಕೈಯದು.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಯ ಬಸ್ಸಿನಲ್ಲಿ ಕೂತೆವು. ಡಬ್ಬಿ ನನ್ನ ತೊಡೆಯ ಮೇಲಿತ್ತು, ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ, ಕಾಲ ಬಳಿ ಮೆಣಸಿನಕಾಯಿಯ ಗಂಟು. ಬಸ್ಸು ಊರು ದಾಟುತ್ತಲೇ ಆಕೆ ಮೂಗರಳಿಸಿ ನನ್ನ ಕಡೆ ವಾಲಿದಳು.

“ಏನ್ ಬೇ ತಂಗಿ, ಭಾಳ ಚೊಲೊ ಒಗ್ಗರಣಿ ವಾಸನಿ ಬರಾಕತ್ತದ. ಯಾರ ಮನಿ ಕಾರ್ಯಕ್ಕ ಹೊಂಟೀರಿ?”

ನಾನು ಅವ್ವನನ್ನು ನೋಡಿದೆ. ಅವ್ವ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆಗ ಬಂದದ್ದನ್ನು ಏನೆಂದು ಹೇಳಲಿ, ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವರಿಗೆ ಆಗುವುದಿದೆಯಲ್ಲ, ಅದು. ಅವಳು ಡಬ್ಬಿಯನ್ನು ತನ್ನ ತೊಡೆಗೆ ಎಳೆದುಕೊಂಡು ಮುಚ್ಚಳ ತೆರೆದಳು. ಹಳದಿ ಝುಣಕದ ತುಂಬ ಸಾಸಿವೆ ಕಾಳು, ನಡುನಡುವೆ ಅರಳಿಕೊಂಡ ಕರಿಬೇವಿನ ಚೂರು.

“ಒಗ್ಗರಣಿ ಹಾಕಬ್ಯಾಡ ಅಂದಿದ್ನಲ್ಲ.”

“ನಾ ಹಾಕಿಲ್ಲ ಅವ್ವಾ.”

“ಯಾವ ಡಬ್ಬೀದು ತಗೊಂಡಿ?”

“ಆಯೀದು.”

ಅವ್ವ ಕಣ್ಣು ಮುಚ್ಚಿದಳು. ನನಗೆ ಆಮೇಲೆ ಅರ್ಥವಾಯಿತು: ಅವಳು ನನ್ನನ್ನು ಬೈಯಲಿಲ್ಲ, ಯಾಕೆಂದರೆ ಬೈಯಲು ಜಾಗವಿರಲಿಲ್ಲ. ಮನೆಯಲ್ಲಿ ಬರಿಯ ಕಡಲೆ ಹಿಟ್ಟು ಒಂದು ಹಿಡಿಯೂ ಇರಲಿಲ್ಲ ಎಂಬುದು ಅವಳಿಗೇ ಮರೆತುಹೋಗಿತ್ತು. ಒಗ್ಗರಣೆ ಹಾಕಬೇಡ ಎನ್ನುವುದು ಅವಳ ಕೈಯಲ್ಲಿತ್ತು, ಆದರೆ ಆ ಒಗ್ಗರಣೆ ಎಲ್ಲೋ ಯಾವುದೋ ಯಂತ್ರದಲ್ಲಿ ಮೊದಲೇ ಬಿದ್ದಾಗಿತ್ತು. ಮುದುಕಿಗೆ ಅವ್ವ ಮೆಲ್ಲಗೆ ಹೇಳಿದಳು, ಸಾವಿನ ಮನೆಗೆ ಹೊರಟಿದ್ದೇವೆ ಅಂತ. ಮುದುಕಿ ಒಮ್ಮೆ ಡಬ್ಬಿಯನ್ನು ನೋಡಿ, ಒಮ್ಮೆ ನಮ್ಮನ್ನು ನೋಡಿ, ತನ್ನ ಗಂಟನ್ನು ಕಾಲಿನಿಂದ ಆಚೆ ಸರಿಸಿಕೊಂಡಳು.

ಅವ್ವ ಎರಡು ಬೆರಳಿನಿಂದ ಸಾಸಿವೆ ಆರಿಸತೊಡಗಿದಳು. ನಾನೂ ಕೈಹಾಕಿದೆ. ಬಸ್ಸು ಕುಲುಕುತ್ತಿತ್ತು. ಒಂದು ಕಾಳು ತೆಗೆದರೆ ಅದರ ಕೆಳಗೆ ಮತ್ತೆರಡು. ತೆಗೆದ ಕಾಳನ್ನು ಎಲ್ಲಿ ಹಾಕುವುದು ತಿಳಿಯದೆ ಅವ್ವ ತನ್ನ ಸೀರೆಯ ಸೆರಗಿನಲ್ಲಿ ಹಾಕಿಕೊಳ್ಳುತ್ತಿದ್ದಳು, ಬಿಳಿಯ ಸೆರಗಿನ ಮೇಲೆ ಹಳದಿ ಕಲೆ ಅಂಗೈಯಗಲ ಆಯಿತು. ಕರಿಬೇವು ಆರಿಸಬಹುದು, ಸಾಸಿವೆ ಆರಿಸಬಹುದು, ಹಳದಿಯನ್ನು ಹೇಗೆ ಆರಿಸುವುದು, ವಾಸನೆಯನ್ನು ಹೇಗೆ. ಭೀಮಾ ನದಿಯ ಸೇತುವೆ ಬಂದಾಗ ನನಗೆ ಡಬ್ಬಿಯನ್ನು ಕಿಟಕಿಯಿಂದ ಎಸೆದುಬಿಡೋಣ ಅನ್ನಿಸಿತು. ಕೈ ಜಾರಿತು ಅಂದರಾಯಿತು. ಆದರೆ ತವರಿನವರು ಬರಿ ರೊಟ್ಟಿ ತಂದರು ಎಂಬ ಮಾತು ಇದಕ್ಕಿಂತ ದೊಡ್ಡದು. ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅವತ್ತು ರಸ್ತೆಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರೂ ಅಡ್ಡ ಬರಲಿಲ್ಲ. ಬೇಡವಾದಾಗ ಬಸ್ಸುಗಳು ಹೇಗೆ ಓಡುತ್ತವೆ, ನೋಡಿ.

ಅತ್ತೆಯ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಮೂಲೆಯಲ್ಲಿ ಅತ್ತೆ, ಕುಂಕುಮವಿಲ್ಲದ ಹಣೆಯಲ್ಲಿ ಬರಿಯ ವಿಭೂತಿ. ಮೂರೇ ದಿನದಲ್ಲಿ ಆಕೆಯ ಕೆನ್ನೆಯ ಎಲುಬು ಕಾಣುತ್ತಿತ್ತು. ನಮ್ಮನ್ನು ನೋಡಿ ಆಕೆ ಎದ್ದು ಕೂತ ರೀತಿ, ಅದನ್ನು ನೆನೆದರೆ ನನಗೆ ಈಗಲೂ ಆಗದು: ಹಸಿದ ಕೂಸು ಅವ್ವನ ಹೆಜ್ಜೆಯ ಸಪ್ಪಳ ಕೇಳಿದಂತೆ. ಬುತ್ತಿಯನ್ನು ಬಿಚ್ಚಿದವಳು ನೀಲಮ್ಮ, ತೀರಿಕೊಂಡ ಮಾವನ ಅಕ್ಕ. ರೊಟ್ಟಿಯ ಅರಿವೆ ಬಿಚ್ಚಿ, ಹರಿದ ಅಂಚುಗಳನ್ನು ನೋಡಿ ಬದಿಗಿಟ್ಟಳು. ಡಬ್ಬಿಯ ಮುಚ್ಚಳ ತೆರೆದಳು. ಇಂಗಿನ ವಾಸನೆ ಪಡಸಾಲೆಯ ತುಂಬ ಹರಡಿತು, ಹೆಂಗಸರ ತಲೆಗಳು ಒಂದೊಂದಾಗಿ ತಿರುಗಿದವು.

“ಇದೇನ್ರಿ ಆಳಂದದವರ, ಕೂಸಿನ ತೊಟ್ಟಲಕ್ಕ ಬಂದೀರೋ ಮಣ್ಣಾದ ಮನಿಗಿ ಬಂದೀರೋ?” ಎಂದಳು ನೀಲಮ್ಮ.

“ತಪ್ಪಾಗ್ಯದ್ರಿ ಅಕ್ಕಾ,” ಎಂದಳು ಅವ್ವ.

“ತಪ್ಪ ಅಂದ್ರ ಉಪ್ಪ ಹೆಚ್ಚ ಬೀಳ್ತದ, ಖಾರ ಕಮ್ಮಿ ಆಗ್ತದ. ಸಾಸಿವಿ ಬೀಳ್ತದೇನು? ಸಾಲಿ ಕಲಸೋ ಬಾಯಿಗಿ ಇಷ್ಟ ತಿಳೀಲಿಲ್ಲೇನು?”

“ನಾ ಮಾಡೇನ್ರಿ,” ಎಂದೆ ನಾನು. ಎಲ್ಲರೂ ನನ್ನನ್ನು ನೋಡಿದರು. “ಅವ್ವ ಒಗ್ಗರಣಿ ಹಾಕಬ್ಯಾಡ ಅಂದಿದ್ಲು. ನಾ ಹಾಕಿಲ್ರಿ.”

“ಹಾಕಿಲ್ಲ ಅಂದ್ರ ತಾನ ಹಾರಿ ಬಂದು ಬಿತ್ತೇನ?”

“ಹಿಟ್ಟಿನ್ಯಾಗ ಇರ್ತದ್ರಿ. ಪಾಕೀಟಿನ ಹಿಟ್ಟು.”

ಹಿಂದಿನ ಸಾಲಿನಲ್ಲಿ ಯಾರೋ ಎಳೆಯ ಸೊಸೆ ನಗು ತಡೆದುಕೊಂಡದ್ದು ಕೇಳಿಸಿತು. ಅವರ ಮನೆಯಲ್ಲೂ ಅದೇ ಇರುತ್ತಿತ್ತೇನೋ. ಅತ್ತೆ ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಅವ್ವ ಬ್ಯಾಳಿ ಬೀಸೋ ಕಲ್ಲು ಇತ್ತಲ್ಲ ಬೇ?”

“ಅದು ಹಿತ್ತಲದಾಗ ಅದ, ಅತ್ತಿ. ಅದರ ಮ್ಯಾಲ ನೀರಿನ ಡ್ರಮ್ ಇಟ್ಟೀವಿ.”

ಅತ್ತೆ ಗೋಡೆಗೆ ತಲೆಯಾನಿಸಿದಳು. ಆಮೇಲೆ ಯಾರಿಗೂ ಅಲ್ಲದಂತೆ ಹೇಳಿದಳು. “ಅವ್ವ ಹೋಗಿ ನಾಕ ವರ್ಷ ಆತು. ನಾ ಇವತ್ತಿನ ತನಕ ಹೋಗ್ಯಾಳ ಅಂದಕೊಂಡಿರಲಿಲ್ಲ.”

ನೀಲಮ್ಮನ ದನಿ ಆಗ ಮೆತ್ತಗಾಯಿತು. ಡಬ್ಬಿಯನ್ನು ಬದಿಗೆ ಸರಿಸಿ, “ಬಿಡ ಶಾಂತಾ, ಬಾಜೂ ಮನಿಂದ ಸಪ್ಪನ ಬ್ಯಾಳಿ ತರಸ್ತೇನಿ. ರೊಟ್ಟಿಯರ ತವರದ್ದ ಅದಾವಲ್ಲ” ಅಂದಳು. ಅವ್ವ ಡಬ್ಬಿಗೆ ಕೈಚಾಚಿದಳು, ಹಿಂದಕ್ಕೆ ತೆಗೆದುಕೊಳ್ಳಲು. ಅಷ್ಟರಲ್ಲಿ ಅತ್ತೆಯ ಕೈ ಅದರ ಮೇಲಿತ್ತು.

“ತವರ ಬುತ್ತಿ ಅಕ್ಕಾ ಇದು. ಹ್ಯಾಂಗೇ ಇರವಲ್ದ್ಯಾಕ, ಹಿಂದಕ್ಕ ಕಳಸಾಂಗಿಲ್ಲ.”

ಆಕೆ ಉಂಡಳು. ಒಂದು ಪೂರ್ತಿ ರೊಟ್ಟಿ, ಅದರ ಮೇಲೆ ಹಾಕಿದಷ್ಟೂ ಝುಣಕ. ಸಾಸಿವೆ ಕಾಳು ಸಿಕ್ಕಾಗ ಉಗುಳಲಿಲ್ಲ. ಅಗಿಯುತ್ತಿದ್ದಂತೆ ಕಣ್ಣಿಂದ ನೀರಿಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಅವ್ವ ನೆಲ ನೋಡುತ್ತ ಕೂತಿದ್ದಳು, ಸೆರಗಿನ ಹಳದಿ ಕಲೆಯನ್ನು ಮಡಿಕೆಯೊಳಗೆ ಮುಚ್ಚಿಟ್ಟುಕೊಂಡು. ಅತ್ತೆ ಉಂಡಳಲ್ಲ, ಬುತ್ತಿ ಹಿಂದಿರುಗಲಿಲ್ಲವಲ್ಲ ಎಂದು ನನ್ನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಏನೋ ಮುರಿದಿದೆ, ಆದರೆ ಸಪ್ಪಳವಾಗಿಲ್ಲ ಎಂಬಷ್ಟು ಮಾತ್ರ ಆ ವಯಸ್ಸಿಗೂ ತಿಳಿದಿತ್ತು. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆ ಅನ್ನಬಾರದು, ಹಾಗಾಗಿ ನಾವು ಏನೂ ಅನ್ನದೆ ಎದ್ದು ಬಂದೆವು.

ಅವ್ವ ಮುಂದಿನ ವಾರವೇ ಕಡಲೆಬೇಳೆ ತಂದು ಗಿರಣಿಯಲ್ಲಿ ಬೀಸಿಸಿಟ್ಟಳು. ಎರಡು ತಿಂಗಳಲ್ಲಿ ಅದಕ್ಕೆ ಹುಳ ಬಿತ್ತು, ಬಳಸುವವರಿರಲಿಲ್ಲ. ನಾನು ಅವಳನ್ನು ದೂರುತ್ತಿಲ್ಲ. ಅವಳು ಆ ಎಂಟರ ಬಸ್ಸು ಹಿಡಿಯದಿದ್ದರೆ ನಾನು ಇವತ್ತು ಹೀಗೆ ಬರೆಯುತ್ತ ಕೂತಿರುತ್ತಿರಲಿಲ್ಲ. ಆಳಂದದ ಆ ಮನೆಯನ್ನು ಕೆಡವಿ ಅಪ್ಪ ಅಲ್ಲಿ ಸಿಮೆಂಟಿನ ಮನೆ ಕಟ್ಟಿಸಿದ. ಬೀಸುಕಲ್ಲು ಬುನಾದಿಯ ಯಾವುದೋ ಮೂಲೆಗೆ ಹೋಯಿತಂತೆ. ಅವ್ವ ಈಗಿಲ್ಲ, ಕಸ್ತೂರಕ್ಕನೂ ಇಲ್ಲ. ಒಂದೊಂದು ಸಲ ಕೆಲಸದ ನಡುವೆ ಸುಮ್ಮನೆ ಲೆಕ್ಕ ಹಾಕುತ್ತೇನೆ, ನನಗೂ ಅಂಥ ಮೂರನೆಯ ದಿನ ಬಂದರೆ ನನ್ನ ತವರಿಂದ ಯಾರು ಬರುತ್ತಾರೆ, ಏನು ಕಟ್ಟಿಕೊಂಡು ಬರುತ್ತಾರೆ. ನನ್ನ ಮಗಳು ಯಾರ ಮನೆಗೆ ಏನು ಒಯ್ಯುತ್ತಾಳೆ, ಒಯ್ಯಬೇಕೆಂದಾದರೂ ಅವಳಿಗೆ ತಿಳಿದಿರುತ್ತದೆಯೇ. ಲೆಕ್ಕ ಎಂದೂ ಮುಗಿಯುವುದಿಲ್ಲ, ಬೇರೆ ಕೆಲಸಕ್ಕೆ ಎದ್ದು ಹೋಗುತ್ತೇನೆ.

ಶಾಂತತ್ತೆ ಆಮೇಲೆ ಹದಿನೆಂಟು ವರ್ಷ ಬದುಕಿದಳು. ಪ್ರತಿ ವರ್ಷ ಪಂಚಮಿಗೆ ತಪ್ಪದೆ ಆಳಂದಕ್ಕೆ ಬಂದಳು, ಅಪ್ಪನ ಜೊತೆ ನಕ್ಕಳು, ನನ್ನ ಜಡೆ ಹಾಕಿದಳು, ಅವ್ವನ ಮೇಲೆ ಒಂದು ಮಾತೂ ಆಡಲಿಲ್ಲ. ಮುಂಚೆ ಬಂದಾಗಲೆಲ್ಲ ಆಕೆ ಚೀಲವನ್ನು ಬಾಗಿಲಲ್ಲೇ ಬಿಟ್ಟು ನೇರ ಅಡುಗೆಮನೆಗೆ ನುಗ್ಗುತ್ತಿದ್ದಳು. ಹಬ್ಬಕ್ಕೆಂದು ಅವ್ವ ಮಾಡಿದ ಅಡುಗೆಯ ಮುಚ್ಚಳ ಒಂದೊಂದೇ ಎತ್ತಿ ನೋಡಿ, ನಿಂತಲ್ಲೇ ಬೆರಳು ಅದ್ದಿ ನೆಕ್ಕಿ, ಅವ್ವನನ್ನು ಬೈದು, ತಾನೇ ಬಡಿಸಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಆ ಮೂರನೆಯ ದಿನದ ನಂತರ ಆಕೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಪಡಸಾಲೆಯಲ್ಲಿ, ಬೀಗರು ಕೂರುವ ಜಾಗದಲ್ಲಿ, ಸೆರಗು ಹೊದ್ದು ಕೂರುವಳು. ತಾಟು ಮುಂದಿಟ್ಟರೆ ಏನಿದೆ, ಯಾರು ಮಾಡಿದ್ದು ಎಂದು ಕೇಳದೆ ಉಣ್ಣುವಳು. ಉಂಡು, ಕೈ ತೊಳೆದು, “ಚೊಲೊ ಆಗಿತ್ತ್ರಿ ವೈನಿ” ಅನ್ನುವಳು. ಪರರ ಮನೆಯಲ್ಲಿ ಉಂಡವರು ಅನ್ನುವ ಹಾಗೆ.